ಮೂವತ್ತೆಂಟು ಮೀಟರ್ ಕೆಳಗೆ

ಮೂವತ್ತೆಂಟು ಮೀಟರ್ ಕೆಳಗೆ ನನ್ನ ಅಡುಗೆಮನೆಯಿದೆ.
ಎಂಟು ವರ್ಷ ಅಲ್ಲಿ ಈರುಳ್ಳಿ ಹೆಚ್ಚಿದ್ದೇನೆ,
ದೋಣಿ ಹೊರಳಿದಾಗಲೆಲ್ಲ ಡ್ರಾಯರನ್ನು ಸೊಂಟದಿಂದ ಒತ್ತಿ ಹಿಡಿದು.
ಈಗ ಕೊರೊರಾ ಜಲಸಂಧಿಯ ತಳದಲ್ಲಿ ಎಡಮಗ್ಗುಲಾಗಿ ಮಲಗಿದೆ,
ಸೋನಾರ್ ಪರದೆಯ ಮೇಲೆ
ಸೀದ ರೊಟ್ಟಿಯ ಅಂಚಿನ ಹಾಗೆ.

“ಇದು ವಿಂಚು,” ಅಂದ ಅಣ್ಣ, ಪರದೆಗೆ ಬೆರಳಿಟ್ಟು.
“ಅಲ್ಲ, ನನ್ನ ಒಲೆಯ ಹೊಗೆಕೊಳವೆ.”
“ವಿಂಚು, ರಾವಿನಿಯಾ.”
ಹನ್ನೊಂದು ವರ್ಷದಲ್ಲಿ ಇವತ್ತೇ ಮೊದಲು ಬಂದಿದ್ದಾನೆ ಹೋಹೆಪಾ,
ತಾನು ಮುಳುಗಿಸಿದ ದೋಣಿಯ ನೆತ್ತಿಯ ಮೇಲಕ್ಕೆ.
ವಾದಕ್ಕಾದರೂ ಬಾಯಿಬಿಟ್ಟನಲ್ಲ ಎಂದು
ವಿಂಚೇ ಸರಿ ಎಂದೆ.

ಇಲ್ಲಿಯ ನೀರಿಗೆ ತಾಳ್ಮೆಯಿಲ್ಲ.
ಆರು ಗಂಟೆ ಉತ್ತರಕ್ಕೆ ಓಡುತ್ತದೆ, ಆರು ಗಂಟೆ ದಕ್ಷಿಣಕ್ಕೆ,
ನಡುವೆ ಇಪ್ಪತ್ತು ನಿಮಿಷ
ಏನೋ ಮರೆತು ಬಂದವರ ಹಾಗೆ ನಿಲ್ಲುತ್ತದೆ.
ಅದಕ್ಕೆ ತುಸು ಮೊದಲೇ ಬಂದಿರಬೇಕು.
ಹೊಸಬರು ಗಾಳವನ್ನು ಹಡಗಿನ ಮರೆಗೆ ಇಳಿಸುತ್ತಾರೆ,
ಅಲ್ಲಿ ಸಿಗುವುದು ಪುಡಿಮೀನು.
ದೊಡ್ಡ ಕಿಂಗ್‌ಫಿಶ್ ನಿಲ್ಲುವುದು ಎದುರಿನಲ್ಲಿ,
ಸೆಳವು ಕಬ್ಬಿಣಕ್ಕೆ ಹಣೆ ಚಚ್ಚಿಕೊಂಡು
ಒಂದು ಮಾರು ಹಿಂಜರಿಯುವಲ್ಲಿ,
ಬಾಲವನ್ನೂ ಆಡಿಸದೆ,
ಹೊಸ್ತಿಲಲ್ಲಿ ನಿಂತು ಬೀದಿ ನೋಡುವ ಅತ್ತೆಯ ಹಾಗೆ.

ಜೀವಂತ ಕಹವಾಯಿ, ಅರ್ಧ ಕಿಲೋ ಸೀಸ.
ಮೇಲ್ಹರಿವಿನಿಂದ ಬಿಟ್ಟೆ. ದಾರ ಓರೆಯಾಯಿತು, ತಳ ತಾಕಿತು,
ನಾಲ್ಕು ಸುತ್ತು ಮೇಲೆತ್ತಿದೆ.
ಮೊದಲು ಹೆದರುವುದು ಕಹವಾಯಿ.
ರಾಡಿನ ತುದಿ ಸಣ್ಣಗೆ ನಡುಗುತ್ತದೆ,
ತನ್ನನ್ನು ಯಾರೋ ನೋಡಿದರೆಂದು ಅದಕ್ಕೆ ಗೊತ್ತಾದಾಗ.
ಆಮೇಲೆ ಒಂದು ಗಳಿಗೆ ಏನೂ ಇಲ್ಲ.

ಆಮೇಲೆ ರಾಡು ಕಟಾಂಜನಕ್ಕೆ ಬಡಿಯಿತು,
ಮೊಣಕಾಲು ಕುಸಿಯಿತು ನನ್ನದು. ಅರವತ್ತಮೂರರ ಮೊಣಕಾಲು.
ಸೀದಾ ಕೆಳಗೆ ಹೋಯಿತು ಅದು, ಮನೆ ಬಲ್ಲ ಕಳ್ಳ,
ಚುಕ್ಕಾಣಿ ಕೋಣೆಯ ಒಡೆದ ಕಿಟಕಿಯೊಳಕ್ಕೆ.
ದಾರ ತುಕ್ಕನ್ನು ಉಜ್ಜುವುದು
ಕಿವಿಗಿಂತ ಮೊದಲು ಮೊಣಕೈಗೆ ಕೇಳಿಸಿತು.

“ಬಿಡು,” ಅಂದ ಹೋಹೆಪಾ. “ಪೂರ್ತಿ ಬಿಡು.
ಎಳೆದಷ್ಟೂ ಒಳಗೇ ಹೋಗುತ್ತದೆ.
ಯಾರೂ ಎಳೆಯುತ್ತಿಲ್ಲ ಅನ್ನಿಸಿದರೆ
ತಾನಾಗಿ ಬರುತ್ತದೆ.”

ಬಿಟ್ಟೆ. ದಾರ ನೀರಿನ ಮೇಲೆ ಸುರುಳಿಯಾಗಿ ತೇಲಿತು.
ಒಂದು ಗ್ಯಾನೆಟ್ ಹಕ್ಕಿ ಬಂದು ನೋಡಿತು, ತನಗೇನೂ ಇಲ್ಲವೆಂದು ಹೋಯಿತು.

“ಭರತ–ಇಳಿತದ ಪಟ್ಟಿಗೆ ಒಂದು ಗಂಟೆ ಕೂಡಿಸಿರಲಿಲ್ಲ,” ಅಂದ,
ನನಗಲ್ಲ, ದಾರಕ್ಕೆ.
“ಬೇಸಿಗೆಗೆಂದು ಗಡಿಯಾರ ಮುಂದೆ ತಿರುಗಿಸಿದ ವಾರ ಅದು.
ನೀರು ನಿಂತಿರುತ್ತದೆ ಅಂದುಕೊಂಡು ನುಗ್ಗಿಸಿದೆ,
ಅದು ಇನ್ನೂ ಓಡುತ್ತಿತ್ತು.
ಎಂಜಿನ್ ಕೈಕೊಟ್ಟಿತು ಎಂದು ಬರೆದುಕೊಟ್ಟೆ.
ಎಂಜಿನ್ ಚೆನ್ನಾಗಿತ್ತು.”

ನಾಲ್ವರೂ ಬದುಕಿದೆವು ಆ ದಿನ.
ಎಂಜಿನ್ ನೋಡಿಕೊಳ್ಳುತ್ತಿದ್ದ ಮಾಟಿಯುವಿಗೆ ಮಾತ್ರ
ಆಮೇಲೆ ಯಾವ ದೋಣಿಯೂ ಕೆಲಸ ಕೊಡಲಿಲ್ಲ.
ಈಗ ಶಾಲೆಯ ಹುಲ್ಲು ಕತ್ತರಿಸುತ್ತಾನೆ.

ದಾರ ಮಿಸುಕಿತು.
ಬಿಗಿಯಿತು, ಬೇರೆ ದಿಕ್ಕಿಗೆ, ಬಯಲು ನೀರಿಗೆ.
ಸುತ್ತಿದೆ, ಸುತ್ತಿದೆ, ಅಣ್ಣ ನನ್ನ ಬೆಲ್ಟ್ ಹಿಡಿದುಕೊಂಡಿದ್ದ.
ಹಸಿರು ಬೆನ್ನು, ಹಳದಿ ಬಾಲ, ಇಪ್ಪತ್ತಾರು ಕಿಲೋ ಇರಬಹುದು,
ಕಪಾಳದಲ್ಲಿ ನಮ್ಮ ಕಿಟಕಿಯ ತುಕ್ಕಿನ ಗೀರು.
ದಿನದ ಮೊದಲ ಮೀನು ಟಾಂಗರೋವನದು.
ಇಬ್ಬರೂ ಎರಡು ಕೈಯಲ್ಲಿ ಹಿಡಿದು ಇಳಿಸಿದೆವು, ಹೋಯಿತು.

ಎರಡನೆಯದು ಚಿಕ್ಕದು. ಅದನ್ನು ಇಟ್ಟುಕೊಂಡೆವು.
“ತಲೆ ಮಾಟಿಯುವಿಗೆ,” ಅಂದ.
ತಲೆಯೇ ರುಚಿ, ಎಲ್ಲರಿಗೂ ಗೊತ್ತು.
“ನೀನೇ ಕೊಟ್ಟು ಬಾ,” ಅಂದೆ.

ನೀರು ಮತ್ತೆ ಓಡತೊಡಗಿತು, ಈ ಸಲ ದಕ್ಷಿಣಕ್ಕೆ.
ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ ಒಂದು ಗಡಿಯಾರವಿತ್ತು.
ಅದರ ಪಕ್ಕದಲ್ಲೇ ತೂಗುತ್ತಿತ್ತು ಪಟ್ಟಿ.
ಆ ಬೆಳಿಗ್ಗೆ ಮೊಟ್ಟೆ ಬೇಯಲಿಟ್ಟು
ಎರಡನ್ನೂ ನೋಡಿದ್ದೆ,
ಕೂಡಿಸಿಯೂ ಇದ್ದೆ.
ಇದನ್ನು ಇನ್ನೂ ಯಾರಿಗೂ ಹೇಳಿಲ್ಲ.